ಒಡೆಯದ ಮಣ್ಣಹಕ್ಕಿಗಳು

ಶಿಗ್ಗಾಂವಿ,
ತಾ. ೨೪ ನವೆಂಬರ್ ೧೯೪೨

ಚಿರಂಜೀವಿ ಕರಬಸಪ್ಪನಿಗೆ ನಿನ್ನ ತಂದೆ ಪರಮೇಶಪ್ಪ ಮಾಡುವ ಆಶೀರ್ವಾದ.

ನಿನ್ನ ಎರಡೂ ಪತ್ರಗಳು ಬಂದು ತಲುಪಿವೆ. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಆಗಸ್ಟಿನಿಂದ ಈಚೆಗೆ ನಮ್ಮ ಕಡೆ ಟಪಾಲಿಗೆ ಗೊತ್ತುಗುರಿಯಿಲ್ಲ. ಒಂದು ಕಡೆ ತಂತಿ ಕಡಿಯುತ್ತಾರೆ, ಇನ್ನೊಂದು ಕಡೆ ಟಪಾಲಿನ ಚೀಲಕ್ಕೆ ಬೆಂಕಿ ಬೀಳುತ್ತದೆ. ಹುಬ್ಬಳ್ಳಿಯ ಮೋಟಾರು ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತದೆ, ಏರು ಬಂದರೆ ಜನ ಇಳಿದು ನೂಕುತ್ತಾರೆ. ಆದರೆ ತಡಕ್ಕೆ ಟಪಾಲೊಂದೇ ಕಾರಣವೆಂದು ಬರೆದರೆ ಸುಳ್ಳಾದೀತು. ಕಾಗದ ಮುಂದಿಟ್ಟುಕೊಂಡು ಕುಳಿತಾಗಲೆಲ್ಲ ಸಿಟ್ಟು ಬಂದು ಎದ್ದುಬಿಡುತ್ತಿದ್ದೆ. ಇವತ್ತು ಬರೆದೇ ತೀರುತ್ತೇನೆ. ಸೆನ್ಸಾರಿನವರೂ ಓದಿಕೊಳ್ಳಲಿ. ದಂಡಿನ ಗುಟ್ಟು ಇದರಲ್ಲಿ ಒಂದೂ ಇಲ್ಲ, ನಿನ್ನ ಮಗಳ ಸಂಗತಿಯಿದೆ.

ಮೊದಲು ಮನೆಯ ಸುದ್ದಿ. ನಿನ್ನ ಅವ್ವನ ಮೊಣಕಾಲು ನೋವು ಚಳಿಗೆ ಹೆಚ್ಚಾಗಿದೆ, ಆದರೂ ಕೂಡ್ರುವ ಪೈಕಿ ಅಲ್ಲ. ಜೋಳ ಎದೆಮಟ್ಟ ಬಂದಿದೆ. ಸೀಮೆಎಣ್ಣೆ ಸಿಗುವುದಿಲ್ಲ, ಸಂಜೆಯ ಓದು ನಿಂತಿದೆ, ವಾಚನಾಲಯದಲ್ಲಿ ಹಗಲು ಹೊತ್ತೇ ಪತ್ರಿಕೆ ಓದಿ ಬರುತ್ತೇನೆ. ನಮ್ಮ ಸೊಸೆ ಸರೋಜವ್ವನ ವರ್ಷದ ದಿನ ನಾವಿಬ್ಬರೂ ನಿನ್ನ ಮಗಳೂ ಹೋಗಿ ಸಮಾಧಿಗೆ ನೀರೆರೆದು ಪತ್ರಿ ಏರಿಸಿ ಬಂದೆವು. ದಾನವ್ವ ಅಲ್ಲಿ ಅಳಲಿಲ್ಲ. ಬರುವಾಗ ದಾರಿಯಲ್ಲಿ, "ಅಪ್ಪ ಬಂದಿದ್ರ ಅವ್ವಗ ಛಲೋ ಅನಸ್ತಿತ್ತು" ಎಂದಳು, ಅಷ್ಟೇ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ತಡಸದ ದಾರಿಯ ಇನಾಮದಾರ ಅಜ್ಜಪ್ಪನವರನ್ನು ನೀನು ಮರೆತಿರಲಾರೆ, ನಿನ್ನನ್ನು ದಂಡಿಗೆ ಭರ್ತಿ ಮಾಡಿಸಿದವರೇ ಅವರು. ಅವರ ತಂದೆ ಹಿಂದಿನ ಯುದ್ಧದ ಕಾಲಕ್ಕೆ ನಮ್ಮ ಚಾವಡಿಯ ಕಟ್ಟೆಯ ಮೇಲೆ ನಿಂತು, ದಂಡಿಗೆ ಹೋದವರಿಗೆಲ್ಲ ಸರಕಾರ ಹೊಲ ಕೊಡುತ್ತದೆಂದು ಸಾರಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹೋದವರಲ್ಲಿ ಒಬ್ಬ ಕಾಲು ಕಳೆದುಕೊಂಡು ಬಂದ, ಉಳಿದವರು ಬರಲಿಲ್ಲ. ಹೊಲ ಯಾರಿಗೂ ಸಿಗಲಿಲ್ಲ. ಮಂದಿ ಇದನ್ನೆಲ್ಲ ಮರೆತಿದ್ದಾರೆ. ನಾನು ಮರೆತಿಲ್ಲ. ಮರೆಯದವನೇ ಮೊಮ್ಮಗಳನ್ನು ಗಾಡಿಯಲ್ಲಿ ಕೂಡ್ರಿಸಿಕೊಂಡು ಅದೇ ಮನೆತನದ ಹುಲ್ಲುಬಯಲಿನ ಮಾಳಕ್ಕೆ ಹೋದೆ, ನೋಡು.

ಅವರ ಮಾಳದಲ್ಲಿ ಐದಾರು ವರ್ಷಗಳಿಂದ ಒಂದು ಆಟ ನಡೆಯುತ್ತದೆ. ಧಾರವಾಡದ ಸಾಹೇಬರು ತಂದದ್ದು. ತಗ್ಗಿನಲ್ಲಿ ಒಂದು ಯಂತ್ರ, ಅದಕ್ಕೆ ಸ್ಪ್ರಿಂಗಿನ ಕಬ್ಬಿಣದ ತೋಳು. ತೋಳಿನ ಮೇಲೆ ಮಣ್ಣಿನ ಬಿಲ್ಲೆಯಿಟ್ಟು ಹಗ್ಗ ಎಳೆದರೆ ಬಿಲ್ಲೆ ಗಿರ್ರನೆ ತಿರುಗುತ್ತ ಆಕಾಶಕ್ಕೆ ಹಾರುತ್ತದೆ. ನೆಲಕ್ಕೆ ಬೀಳುವುದರೊಳಗೆ ಅದನ್ನು ಸೀಸದ ಸಣ್ಣ ಕಾಳು ಚದುರಿಸುವ ಛರ್ರೆ ಬಂದೂಕಿನಿಂದ ಹೊಡೆದು ಒಡೆಯಬೇಕು. ಬೋರಲು ಹಾಕಿದ ಹಣತೆಯಂಥ ವಸ್ತು, ರೆಕ್ಕೆಯಿಲ್ಲ, ಕೊಕ್ಕಿಲ್ಲ. ಆದರೂ ಸಾಹೇಬರು ಅದಕ್ಕೆ ಮಣ್ಣಿನ ಪಾರಿವಾಳವೆನ್ನುತ್ತಾರೆ, ನಮ್ಮ ಮಂದಿ ಮಣ್ಣಹಕ್ಕಿ ಎನ್ನುತ್ತಾರೆ. ಹಿಂದೆ ಅವರ ದೇಶದಲ್ಲಿ ಜೀವವಿರುವ ಪಾರಿವಾಳಗಳನ್ನೇ ಪೆಟ್ಟಿಗೆಯಿಂದ ಬಿಟ್ಟು ಹೊಡೆಯುತ್ತಿದ್ದರಂತೆ, ಅದು ಕ್ರೂರವೆಂದು ಮಣ್ಣಿಗೆ ಬಂದರಂತೆ. ಇದನ್ನು ನಾನು ಓದಿದ್ದೆ, ಓದಿ ಮೆಚ್ಚಿಯೂ ಇದ್ದೆ.

ದಸರೆ ಮುಗಿದ ಮೇಲೆ ಇನಾಮದಾರರು ನಮ್ಮ ಬಾಗಿಲಿಗೆ ಬಂದರು.

"ಮಾಸ್ತರ್ರ, ನಮ್ಮ ಕರಬಸಪ್ಪ ಅಲ್ಲೆ ಹೊಸಾ ಸಿಪಾಯಿ ರಂಗರೂಟರಿಗೆ ಬಂದೂಕಿನ ನಿಶಾನಿ ಕಲಸಾಕತ್ಯಾನ. ಇಲ್ಲೆ ಅವನ ಮಗಳು ಕಸಾ ಹೊಡಕೋಂತ ಕುಂತಾಳ. ಐತವಾರಕ್ಕೊಮ್ಮೆ ಕಳಸ್ರಿ. ಸಿಪಾಯಿ ಮಕ್ಕಳು ಹೆಂಗ ಇರ್ತಾರಂತ ಸಾಹೇಬ್ರೂ ಒಂದೀಟ ನೋಡ್ಲಿ."

ನಿನ್ನ ಪತ್ರವೂ ಆ ವಾರವೇ ಬಂದಿತ್ತು. "ಇನಾಮದಾರರು ನನಗೂ ಬರೆದಿದ್ದಾರೆ. ಮಣ್ಣಿನ ಹಕ್ಕಿಯಲ್ಲವೇ, ಜೀವಹಿಂಸೆಯ ಮಾತೇ ಇಲ್ಲ, ಕಲಿಯಲಿ" ಎಂದು ನೀನೇ ಬರೆದಿದ್ದೆ. ನಿನ್ನ ಅವ್ವನಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಮಣ್ಣೆತ್ತಿನ ಅಮಾಸಿಗೆ ಮಣ್ಣಿನ ಎತ್ತಿಗೆ ಕೂಸಿನ ಕಡಿಂದ ಕೈ ಮುಗಸ್ತೀರಿ. ಈಗ ಮಣ್ಣಿನ ಹಕ್ಕಿಗೆ ಗುಂಡ ಹೊಡಸ್ತೀರಿ. ಯಾವದರ ಒಂದ ಹೇಳ್ರಿ."

"ಪೂಜಾ ಮಾಡಿದ್ರ ದೇವರು, ಇಲ್ಲಂದ್ರ ಮಣ್ಣು" ಎಂದೆ. ಬಹಳ ಬುದ್ಧಿವಂತನ ಹಾಗೆ ಹೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ಹೊರಳಿಸಿದಳು.

ಮೊದಲ ಐತವಾರ ಇನಾಮದಾರರ ಕಾರಭಾರಿ ದಾನವ್ವನ ಕೈಗೆ ಸಣ್ಣ ನಳಿಗೆಯ ಬಂದೂಕು ಕೊಟ್ಟ. ಇನಾಮದಾರರು ತಮ್ಮ ಮಗನಿಗೆಂದು ತರಿಸಿದ್ದು, ಅವನು ಮುಟ್ಟುವುದಿಲ್ಲ. ಗಲ್ಲಕ್ಕೆ ಹೇಗೆ ಒತ್ತಬೇಕು, ಹಾರುವುದರ ಮೇಲೆ ಗುರಿಯಿಡದೆ ಅದು ಹೋಗುವ ದಾರಿಯ ಮುಂದೆ ಹೇಗೆ ಇಡಬೇಕು, ಎಲ್ಲ ತೋರಿಸಿದ. ಹುಡುಗಿ ಒಂದೇ ಸಲಕ್ಕೆ ತಿಳಿದುಕೊಂಡಳು. ನಿನ್ನ ಕಣ್ಣು ಅವಳಿಗೆ ಬಂದಿದೆ, ಅದು ಸುಳ್ಳಲ್ಲ. ಆಗ ಇನಾಮದಾರರು ಅವಳ ತಲೆ ಸವರಿ ಒಂದು ಮಾತು ಹೇಳಿದರು. ಉಳಿದದ್ದೆಲ್ಲ ಆ ಮಾತಿನಿಂದ ಹುಟ್ಟಿತು.

"ತಂಗಿ, ಐದ ಹಕ್ಕಿ ಕೆಡವು, ನಿಮ್ಮಪ್ಪಗ ರಜಾ ಕೊಡಸ್ತೇನಿ. ಸಾಹೇಬ್ರ ಕಡೆ ನನ್ನ ಮಾತು ನಡೀತೈತಿ."

"ಖರೇನ್ರಿ?"

"ಖರೇನ ನಮ್ಮವ್ವಾ. ಆಣಿ ಮಾಡ್ಲೇನು?"

ಅವರಿಗೆ ಅದು ವೀಳ್ಯ ಅಗಿಯುತ್ತ ಆಡಿದ ಮಾತು. ಇವಳಿಗೆ ಮಾತ್ರ ನೀನು ಇನ್ನು ಐದು ಹಕ್ಕಿಗಳ ದೂರದಲ್ಲಿದ್ದೆ. ಅಂದು ಅವಳು ಹೊಡೆದಳು, ಬಿಲ್ಲೆ ಹಾಗೆಯೇ ಹೋಗಿ ಹುಲ್ಲಿನಲ್ಲಿ ಬಿತ್ತು. ಮತ್ತೆ ಹೊಡೆದಳು, ಮತ್ತೆ ಹಾಗೇ.

"ಹೋತು!" ಎಂದು ನೆರೆದವರು ಕೂಗಿದರು.

"ತಾಗೇತ್ರಿ" ಎಂದಳು ದಾನವ್ವ. "ನಾ ಕಂಡೇನಿ. ಹಾರತಾ ಹಾರತಾ ನಡಗಿತು."

"ತಾಗಿದ್ರ ಒಡೀತಿತ್ತವಾ ತಂಗಿ."

"ಮಾಸ್ತರ ಮೊಮ್ಮಗಳಲ್ಲೇನು, ಪಾಠಾ ಹೇಳಿ ಬಿಟ್ಟ ಕಳಿಸ್ಯಾಳ ಅದಕ್ಕ!" ಎಂದು ಯಾರೋ ಅಂದರು. ಮಾಳಕ್ಕೆ ಮಾಳವೇ ನಕ್ಕಿತು.

ಆ ವಾರವೆಲ್ಲ ಅವಳು ಹಿತ್ತಲಲ್ಲಿ ಬಡಿಗೆ ಹಿಡಿದು ಕಾಗೆಗಳಿಗೆ ಗುರಿಯಿಡುತ್ತ ನಿಂತಳು. ನಿನ್ನ ಅವ್ವ, "ಕಾಗಿ ಕೆಡವಿ ಪಲ್ಯಾ ಮಾಡ್ತೀಯೇನ, ಬಾ ಒಳಗ" ಎಂದು ಬೈದರೆ ನಗುತ್ತಿದ್ದಳು. ಮುಂದಿನ ಐತವಾರವೂ ಒಂದು ಬಿಲ್ಲೆಯೂ ಒಡೆಯಲಿಲ್ಲ. ಸಾಹೇಬರ ದೊಡ್ಡ ಬಂದೂಕಿಗೆ ಅಲ್ಲೊಂದು ಇಲ್ಲೊಂದು ಒಡೆಯುತ್ತಿದ್ದವು, ಇವಳದಕ್ಕೆ ಇಲ್ಲವೇ ಇಲ್ಲ. ಇನಾಮದಾರರು, "ತಾಗೇತಿ ಅಂತ ಸುಳ್ಳ ಹೇಳಬಾರದವಾ, ಸಿಪಾಯಿ ಮಗಳು ನೀ" ಎಂದರು. ಗಾಡಿಯಲ್ಲಿ ಬರುವಾಗ ಅವಳು ಮುಖ ಮುಚ್ಚಿಕೊಂಡು ಅತ್ತಳು.

"ನಾ ಸುಳ್ಳ ಹೇಳಂಗಿಲ್ಲಜ್ಜಾ. ನೀ ಆದ್ರೂ ನಂಬು."

ಹನ್ನೊಂದು ವರ್ಷದ ಕೂಸನ್ನು ಹತ್ತು ಜನರ ಮುಂದೆ ಸುಳ್ಳಿ ಎಂದಿದ್ದರು. ಮರುದಿನ ಬೆಳಿಗ್ಗೆ ಒಬ್ಬನೇ ಮಾಳಕ್ಕೆ ಹೋಗಿ ಹುಲ್ಲಿನಲ್ಲಿ ಬಿದ್ದ ಬಿಲ್ಲೆಗಳನ್ನು ಆರಿಸಿದೆ. ಒಂದೊಂದರ ಮೈಮೇಲೂ ಸೀಸದ ಬೂದು ಗೆರೆಗಳು, ಸಣ್ಣ ಸಣ್ಣ ಗುಳಿಗಳು. ಛರ್ರೆ ತಾಗಿತ್ತು, ಬಿಲ್ಲೆ ಒಡೆದಿರಲಿಲ್ಲ. ಕೈಯಲ್ಲಿ ಹಿಡಿದು ಕಲ್ಲಿಗೆ ಕುಟ್ಟಿದೆ, ಗಂಟೆಯಂತೆ ಠಣ್ಣೆಂದಿತು.

ಅಲ್ಲಿಂದ ನೇರ ತಡಸಕ್ಕೆ ಹೋದೆ. ಅವನ್ನು ಮಾಡಿದ ಕುಂಬಾರ ಮನೆಯಲ್ಲಿರಲಿಲ್ಲ, ಹೆಂಡತಿ ದುರಗವ್ವ ಇದ್ದಳು. ಮೊದಲು ಈ ಹಕ್ಕಿಗಳು ಮುಂಬಯಿಯಿಂದ ಬರುತ್ತಿದ್ದವು, ಟಾರು ಮತ್ತು ಸುಣ್ಣದ ಪುಡಿ ಕೂಡಿಸಿ ಒತ್ತಿದವು, ನಾಲ್ಕು ಕಾಳು ತಾಗಿದರೆ ಪುಡಿಯಾಗುವಂಥವು. ಯುದ್ಧ ಬಂದು ಅದು ನಿಂತಿತು, ಇನಾಮದಾರರು ಈ ಕುಂಬಾರನಿಗೆ ಹೇಳಿದರು. ಮುಂದಿನದನ್ನು ದುರಗವ್ವನೇ ಹೇಳಿದಳು.

"ಮೊದಲ ಮಾಡಿ ಕೊಟ್ಟಾಗ ಗಾಡ್ಯಾಗ ಅರ್ಧಾ ಒಡದುವಂತ್ರಿ. ಕಾರಭಾರಿ ಬಂದು ನಮ್ಮ ಯಜಮಾನ್ರ ಮಾರಿಗೆ ಉಗುಳೂದೊಂದ ಬಾಕಿ. 'ಒಡ್ಯೂ ಸಾಮಾನು ಮಾಡ್ತೀಯೇನಲೇ ಕುಂಬಾರಾ' ಅಂದ. ಅದಕ್ಕ ಈ ಸಲ ಹಂಚಿನ ಕೂಡ ಆವಿಗಿಗೆ ಹಾಕಿ ಎರಡ ಉರಿ ಕೊಟ್ಟೇವ್ರಿ. ಈಗ ಎತ್ತ ತುಳದ್ರೂ ಒಡ್ಯಂಗಿಲ್ಲ."

ಹೆಮ್ಮೆಯಿಂದ ಹೇಳಿದಳು. ಒಡೆಯಲೆಂದೇ ಮಾಡಿಸುವ ಸಾಮಾನೊಂದು ಲೋಕದಲ್ಲಿದೆ ಎಂಬುದನ್ನು ಆ ಮನೆಗೆ ಯಾರೂ ಹೇಳಿರಲಿಲ್ಲ. ಅವರ ತಲೆಮಾರುಗಳಲ್ಲಿ ಯಾರೂ ಅಂಥದನ್ನು ಮಾಡಿರಲೂ ಇಲ್ಲ.

ನಾನು ಬಿಲ್ಲೆಗಳನ್ನು ಚೀಲಕ್ಕೆ ಹಾಕಿಕೊಂಡು ಇನಾಮದಾರರ ಪಡಸಾಲೆಗೆ ಹೋಗಿ ಅವರ ಮುಂದೆ ಸುರಿದೆ.

"ನೋಡ್ರಿ. ಕೂಸು ಹೊಡದೈತಿ. ನಿಮ್ಮ ಹಕ್ಕಿ ಒಡೀಲಿಲ್ಲ."

ಅವರು ಒಂದನ್ನು ಎತ್ತಿ ತಿರುಗಿಸಿ ನೋಡಿದರು. "ಇರಬಹುದ್ರಿ ಮಾಸ್ತರ್ರ. ಆದ್ರ ಆಟದ ಕಾಯದೆ ಐತಿ. ಒಡದ್ರ ಹೊಡದಂಗ, ಒಡೀಲಿಲ್ಲಂದ್ರ ಇಲ್ಲ."

"ಹಂಗಾದ್ರ ಸುಳ್ಳ ಹೇಳಿದ್ದು ನಮ್ಮ ಹುಡಿಗಿ ಅಲ್ಲ, ನಿಮ್ಮ ಹಕ್ಕಿ" ಎಂದೆ. ಆಳುಮಕ್ಕಳು ನಿಂತಿದ್ದರು. ನನ್ನ ದನಿ ಏರಿತ್ತು.

ಅವರು ನಕ್ಕರು. "ಆತ ಬಿಡ್ರಿ, ಸಿಟ್ಟಾಗಬ್ಯಾಡ್ರಿ. ಬರೂ ಐತವಾರ ಸುಳ್ಳ ಹೇಳದಂಥಾ ಹಕ್ಕಿ ತರಸ್ತೇನಿ."

ಅರೆಸುಟ್ಟ ಹೊಸ ಬಿಲ್ಲೆ ಮಾಡಿಸುತ್ತಾರೆಂದು ನಾನು ತಿಳಿದೆ. ಗೆದ್ದವನಂತೆ ಮನೆಗೆ ಬಂದು, "ದಾನವ್ವಾ, ಈ ಸಲ ನಿನ್ನ ಹಕ್ಕಿ ಬೀಳ್ತಾವ" ಎಂದೆ. ಅವಳು ಅಂದು ಎರಡು ರೊಟ್ಟಿ ಹೆಚ್ಚು ತಿಂದಳು.

ಆ ಐತವಾರ ಮಾಳದಲ್ಲಿ ಯಂತ್ರದ ಮಗ್ಗುಲಿಗೆ ಮುಚ್ಚಳದ ಪೆಟ್ಟಿಗೆಯೊಂದಿತ್ತು, ಮುಚ್ಚಳಕ್ಕೆ ಉದ್ದನೆಯ ಹಗ್ಗ. ಅದರ ಹತ್ತಿರ ಸವಣೂರಿನ ಬಂದೇಸಾಬ ಬುಟ್ಟಿಯಿಟ್ಟುಕೊಂಡು ಕುಳಿತಿದ್ದ. ಪಾರಿವಾಳ ಸಾಕುವ ಬಂದೇಸಾಬ ನಿನಗೆ ಗೊತ್ತಿರುವವನೇ. ಇನಾಮದಾರರು ಪಾರಿವಾಳದ ಗೂಡು ಕಟ್ಟಿಸುತ್ತಾರೆಂದು ಹೇಳಿ ಅವನನ್ನು ಕರೆಸಿದ್ದರು. ಪೆಟ್ಟಿಗೆ, ಹಗ್ಗ, ಬಂದೂಕು ನೋಡಿ ಅವನಿಗೆ ತಿಳಿಯಿತು.

"ಸಾಹೇಬ್ರ, ಇವು ಮನಿಗೆ ತಿರಗಿ ಬರೂ ಜಾತಿ ಅದಾವ್ರಿ. ಎಲ್ಲೇ ಬಿಡ್ರಿ, ಒಂದ ಸುತ್ತ ಹೊಡದು ಸವಣೂರ ದಿಕ್ಕ ಹಿಡೀತಾವ. ಇವನ್ನ ಹೊಡ್ಯಾಕ ಸಾಕಿಲ್ರಿ ನಾ."

"ತಿರಗಿ ಬಂದ್ರ ನಿನ್ನವು, ಬರಲಿಲ್ಲಂದ್ರ ನಮ್ಮವು" ಎಂದ ಕಾರಭಾರಿ. ಬುಟ್ಟಿ ಕಸಿದುಕೊಂಡ.

ನಾನು ದಾನವ್ವನ ರಟ್ಟೆ ಹಿಡಿದು, "ಬ್ಯಾಡ, ನಡಿ ಅವ್ವಾ, ಮನಿಗೆ ಹೋಗೂಣು" ಎಂದೆ.

"ಯಾಕ್ರಿ ಮಾಸ್ತರ್ರ?" ಎಂದರು ಇನಾಮದಾರರು, ಸಾಹೇಬರಿಗೆ ಕೇಳುವಂತೆ. "ಮಣ್ಣಿನವು ಸುಳ್ಳ ಹೇಳ್ತಾವಂತ ನೀವ ಅಂದ್ರಲ್ಲ?"

ದಾನವ್ವ ನನ್ನ ಕೈ ಬಿಡಿಸಿಕೊಂಡಳು. ಅವರನ್ನೇ ಕೇಳಿದಳು. "ಇವು ಬಿದ್ರ ಲೆಕ್ಕಕ್ಕ ಹಿಡೀತೀರೇನ್ರಿ? ಐದಕ್ಕ?"

"ಹಿಡೀತೇವವಾ."

"ಐದ ಆಗ್ಲಿ ಅಜ್ಜಾ" ಎಂದು ನನಗೆ ಹೇಳಿದಳು. "ಆಮ್ಯಾಲೆ ಬರತೇನಿ."

ನಮ್ಮ ಮನೆಯಲ್ಲಿ ಇರುವೆಯ ಸಾಲು ಕಂಡರೆ ದಾಟಿ ಕಾಲಿಡುತ್ತೇವೆ. ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸುವ ಕೈ ದಾನವ್ವನದು. ಆ ಕೈಯಿಂದ ಬಂದೂಕನ್ನು ಎಳೆದು ಬಿಸಾಡಬೇಕಿತ್ತು ಎಂದು ನೀನು ಅನ್ನಬಹುದು. ಎಳೆಯಲು ಹೋದೆ. ಕಾರಭಾರಿ, "ತುಂಬಿದ ಬಂದೂಕರೀ, ಹಿಂದ ಸರೀರಿ" ಎಂದು ನನ್ನನ್ನು ತಳ್ಳಿದ.

ಮೊದಲನೆಯದು ಪೂರ್ತಿ ಸಾಯಲಿಲ್ಲ. ಅವಳ ಬಂದೂಕಿನ ಕಾಳು ಸಣ್ಣವು. ಹಕ್ಕಿ ರೆಕ್ಕೆ ಬಡಿಯುತ್ತ ನೆಲದ ಮೇಲೆ ಸುತ್ತತೊಡಗಿತು, ಆಳು ಓಡಿ ಹೋಗಿ ಕತ್ತು ತಿರುವಿದ. "ಶಾಬಾಸ್!" ಎಂದರು ಎಲ್ಲರೂ. ಮಣ್ಣಿನ ಬಿಲ್ಲೆಗಳಿಗೆ ಒಂದು ದಿನವೂ ಸಿಗದ ಶಾಬಾಸು. ಎರಡನೆಯದು ಹಾರಿದಾಗ ಅವಳು ತಡೆದು ನೋಡಿದಳು, ಅದು ಸುತ್ತು ಹೊಡೆದು ಪೂರ್ವಕ್ಕೆ, ಸವಣೂರಿನ ದಿಕ್ಕಿಗೆ ತಿರುಗಿತು. ಆಮೇಲಿನವುಗಳಿಗೆ ಅವಳು ಮೊದಲೇ ಪೂರ್ವದ ಕಡೆ ನಳಿಗೆ ತಿರುಗಿಸಿಕೊಂಡು ಕಾದಳು. ಅವುಗಳ ದಾರಿ ಅವಳಿಗೆ ತಿಳಿದುಹೋಗಿತ್ತು. ಬಂದೇಸಾಬ ಬೆನ್ನು ತಿರುಗಿಸಿ, ಅವರು ತಿರುಗಿ ಎಸೆದ ಖಾಲಿ ಬುಟ್ಟಿಯ ಮೇಲೆ ಕೈಯಿಟ್ಟು ಕುಳಿತಿದ್ದ.

ಐದನೆಯದು ಬಿದ್ದ ಮೇಲೆ ಅವಳು ಬಂದೂಕನ್ನು ಕಾರಭಾರಿಗೆ ಕೊಟ್ಟು ಇನಾಮದಾರರ ಮುಂದೆ ಹೋಗಿ ನಿಂತಳು.

"ಐದ ಆದುವ್ರಿ. ನಮ್ಮಪ್ಪಗ ಯಾವಾಗ ರಜಾ?"

ಅವರಿಗೆ ನೆನಪೇ ಇರಲಿಲ್ಲ. ಕ್ಷಣ ಬಿಟ್ಟು ನೆನಪಾಗಿ ಹೊಟ್ಟೆ ಕುಣಿಸಿ ನಕ್ಕರು. ಸಾಹೇಬರಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದರು, ಅವರೂ ನಕ್ಕು ಇವಳ ಗಲ್ಲ ತಟ್ಟಿದರು. "ಕೊಡಸೂಣು, ಕೊಡಸೂಣು. ಯುದ್ಧಾ ಮುಗೀಲಿ" ಎಂದರು ಇನಾಮದಾರರು.

"ಯುದ್ಧಾ ಮುಗದ್ರ ಎಲ್ಲಾರೂ ಬರ್ತಾರಲ್ರಿ" ಎಂದಳು ದಾನವ್ವ.

ಅದಕ್ಕೂ ನಕ್ಕರು. "ಶಾಣ್ಯಾ ಅದಾಳ!"

ನಾನು ಅವರಿಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ನಾಳೆ ನಮ್ಮ ಹೊಲದ ದಾರಿಗೆ ಅವರು ಬೇಲಿ ಹಾಕಿಸಿದರೆ ಯಾಕೆಂದು ನಿನಗೆ ತಿಳಿದಿರಲಿ, ಅಷ್ಟು ಸಾಕು.

ಗಾಡಿ ಹತ್ತಿ ಮನೆಗೆ ಹೊರಟೆವು. ದಾರಿಯಲ್ಲಿ ದಾನವ್ವ ಕೇಳಿದಳು. "ಅಜ್ಜಾ, ಅಪ್ಪ ಕಲಸೂದೂ ಹಿಂಗನ ಏನು? ಮೊದಲ ಮಣ್ಣಿನ ಮನಷ್ಯಾರ್ನ ಇಡತಾರ, ಆಮ್ಯಾಲೆ ಜೀವ ಇದ್ದವರ್ನ ಬಿಡತಾರ?"

ಮೂವತ್ತು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದವನು ನಾನು. ಈ ಪ್ರಶ್ನೆಯನ್ನು ನಿನಗೇ ಬರೆದು ಕಳಿಸುತ್ತಿದ್ದೇನೆ.

ಮನೆಗೆ ಬಂದಾಗ ನಿನ್ನ ಅವ್ವ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಬೈಯಲಿಲ್ಲ. ದಾನವ್ವನಿಗೆ ಬಿಸಿನೀರು ಹಾಕಿ ತಲೆಗೆರೆದಳು. ಸ್ನಾನವಾದ ಮೇಲೆ ಪೂಜೆಗೆ ಕರೆದರೆ ದಾನವ್ವ ಬರಲಿಲ್ಲ. ಕೊರಳಿನ ಲಿಂಗವನ್ನು ತಾನೇ ಬಿಚ್ಚಿ ಗೋಡೆಯ ಮಾಡದಲ್ಲಿ ಇಟ್ಟಳು. "ಅಪ್ಪ ಬಂದ ಮ್ಯಾಲೆ ಕಟ್ಟಕೋತೇನಿ" ಎಂದಳು. ಲಿಂಗವಿಲ್ಲದೆ ಊಟಕ್ಕೆ ಕೂಡ್ರಬಾರದೆಂದು ಅಜ್ಜಿ ಅತ್ತು ಕರೆದರೂ ಕೇಳಲಿಲ್ಲ. ಕಟ್ಟಿಕೊಳ್ಳುವುದಿಲ್ಲ, ಉಣ್ಣುವುದೂ ಇಲ್ಲ. ಹಾಲು ಕುಡಿಯುತ್ತಾಳೆ, ಒತ್ತಾಯ ಮಾಡಿದರೆ ಒಂದಿಷ್ಟು ಅಂಬಲಿ. ಎರಡು ವಾರವಾಗುತ್ತ ಬಂತು. ಮೋಟಾರು ಬರುವ ಹೊತ್ತಿಗೆ ನಿತ್ಯ ರಸ್ತೆಗೆ ಹೋಗಿ ನಿಲ್ಲುತ್ತಾಳೆ. ಇನಾಮದಾರರು ಆಡಿದ್ದು ಚೇಷ್ಟೆಯ ಮಾತೆಂದು ತಿಳಿಸಿ ಹೇಳಿದೆ. "ಐದ ಬಿದ್ದುವಲ್ಲಜ್ಜಾ, ಎಲ್ಲಾರೂ ನೋಡ್ಯಾರ" ಎನ್ನುತ್ತಾಳೆ.

ನಿನ್ನ ಮೇಲಿನವರಿಗೆ ಈ ಪತ್ರ ತೋರಿಸು. ಹೋದ ವರ್ಷ ಹೆಂಡತಿ ಸಾಯುತ್ತಿದ್ದಾಳೆಂದು ತಾರು ಕೊಟ್ಟರೂ ರಜೆ ಕೊಡದ ಸರಕಾರವಿದು. ಸತ್ತ ಮೇಲೂ ಕಳಿಸಲಿಲ್ಲ. ಯಾವ ದೇಶ ಗೆಲ್ಲಲು ಇದೆಲ್ಲ, ಹೇಳು. ನಾನು ನಿನ್ನ ಕಮಾಂಡರ ಸಾಹೇಬರಿಗೆ ಬೇರೆ ಅರ್ಜಿ ಬರೆಯುತ್ತೇನೆ, ಉತ್ತರ ಬರದಿದ್ದರೆ ಪತ್ರಿಕೆಗೆ ಬರೆಯುತ್ತೇನೆ. ಎಂಟು ದಿನವಾದರೂ ಸಾಕು, ಬಂದು ಆ ಕೂಸಿನ ಕೊರಳಿಗೆ ಲಿಂಗ ಕಟ್ಟಿ ಹೋಗು. ಬೇರೆ ಯಾರ ಕೈಯಿಂದಲೂ ಅವಳು ಕಟ್ಟಿಸಿಕೊಳ್ಳುವುದಿಲ್ಲ.

ನಿನ್ನ ಅವ್ವ ನಿನಗೆ ತಲೆ ಸವರಿ ಹರಸಿದ್ದಾಳೆಂದು ಬರೆಯಲು ಹೇಳಿದಳು. ನಿನ್ನ ಮೈಗೆ ಕಾವಲಿರಲಿ, ನಿನ್ನ ಮನಸ್ಸು ನಮ್ಮ ಕಡೆ ಇರಲಿ. ಶಿವನು ನಿನ್ನನ್ನು ಕಾಪಾಡಲಿ.

ಇಂತಿ ನಿನ್ನ ತಂದೆ,
ಪರಮೇಶಪ್ಪ

ತಾ. ಕ. ಮೋಟಾರು ಬರಲಿಲ್ಲವಾದ್ದರಿಂದ ಪತ್ರ ಮನೆಯಲ್ಲೇ ಉಳಿಯಿತು. ಇವತ್ತು, ೨೬ನೇ ತಾರೀಖು, ಬಂದೇಸಾಬ ಬಂದಿದ್ದ. ಕೂಸಿನ ಮೇಲೆ ತನಗೆ ಸಿಟ್ಟಿಲ್ಲವೆಂದು ಹೇಳಿ ಹೋಗಲು ಸವಣೂರಿನಿಂದ ನಡೆದು ಬಂದಿದ್ದ. ಅವನ ಮಗ ನಿಮ್ಮ ಡೆಪೊದ ಕಚೇರಿಯಲ್ಲೇ ಆರ್ಡರ್ಲಿಯಂತೆ, ಈಗ ರಜೆಯ ಮೇಲೆ ಬಂದಿದ್ದಾನಂತೆ. ಬಂದೇಸಾಬ ನಿನ್ನನ್ನು ಹೊಗಳುವುದಕ್ಕೇ ಮಾತು ತೆಗೆದ. "ನಿಮ್ಮ ಕರಬಸಪ್ಪ ಭಾಳ ದೊಡ್ಡ ಮನಸಿನ್ಯಾಂವ ಅಂತ್ರಿ. ಎರಡ ಸಲ ರಜಾ ಮಂಜೂರಾದ್ರೂ ಬ್ಯಾರೇದವ್ರಿಗೆ ಬಿಟ್ಟ ಕೊಟ್ಟನಂತ. ಹ್ವಾದ ವರ್ಷ ಹೆಂಡ್ತೀದು ತಾರು ಬಂದಾಗೂ ಸಾಹೇಬ ಸಹಿ ಮಾಡಿ ಕೊಟ್ಟಿದ್ದನಂತ. ಇವನೇ ರಜಾದ ಕಾಗದಾ ತಿರಗಿ ಕೊಟ್ಟನಂತ. ಯಾಕ್ರಿ ಮಾಸ್ತರ್ರ?" ಎಂದ.

ಸರೋಜವ್ವನಿಲ್ಲದ ಮನೆಗೆ ಕಾಲಿಡಲು ನಿನಗೆ ಆಗಲಿಲ್ಲವೆಂದು ಅವನಿಗೆ ಹೇಳಲು ಹೊರಟೆ. ಆದರೆ ಆ ತಾರು ಬಂದಾಗ ಅವಳು ಇನ್ನೂ ಬದುಕಿದ್ದಳು. ಆಮೇಲೂ ಆರು ದಿನ ಬದುಕಿದ್ದಳು. ಬಾಗಿಲ ಕಡೆ ಮುಖ ಮಾಡಿ ಮಲಗಿಸಲು ಹೇಳಿದ್ದಳು.

ದಾನವ್ವ ಬಂದೇಸಾಬನಿಗೆ ಕುಡಿಯಲು ನೀರು ತಂದು ಅಲ್ಲೇ ನಿಂತಿದ್ದಳು. ಎಲ್ಲ ಕೇಳಿದಳು. ಚೊಂಬನ್ನು ಅವನ ಮುಂದಿಟ್ಟು ಒಳಗೆ ಹೋದಳು. ಇವತ್ತು ಮೋಟಾರು ಬಂತು, ಅವಳು ರಸ್ತೆಗೆ ಹೋಗಲಿಲ್ಲ. ಕಮಾಂಡರ ಸಾಹೇಬರಿಗೆ ಬರೆದ ಅರ್ಜಿಯನ್ನು ನಾನು ಹರಿದಿದ್ದೇನೆ. ನೀನು ಬಾ, ಬಂದು ಅವಳಿಗೆ ಏನಾದರೂ ಹೇಳು. ರಜೆ ಸಿಗಲಿಲ್ಲ ಎಂದು ಮಾತ್ರ ಹೇಳಬೇಡ.